ಎದುರು ದನಿಗೆ ಸಭೆಯಲ್ಲಿ ರಕ್ಷಣೆ ಎಷ್ಟು?

ರಾಜಕೀಯ ಸಭೆಯಲ್ಲಿ ವಿರೋಧದ ಘೋಷಣೆ ಕೂಗಿದವನನ್ನು ಗುಂಪು ಥಳಿಸಿದರೆ ಹೊಣೆ ಹೊಡೆದವರದೋ, ವೇದಿಕೆಯ ಮೇಲಿದ್ದವರದೋ, ನೋಡುತ್ತ ನಿಂತ ಪೊಲೀಸರದೋ? ಅಮೆರಿಕದ ನ್ಯಾಯಾಲಯಗಳು ಈ ಪ್ರಶ್ನೆಗೆ ಒಂದೇ ಬಗೆಯ ಉತ್ತರ ಕೊಟ್ಟಿಲ್ಲ.

1946ರಲ್ಲಿ ಶಿಕಾಗೊದ ಸಭಾಂಗಣವೊಂದರಲ್ಲಿ ಯೆಹೂದಿಗಳನ್ನು ನಿಂದಿಸಿ ಮಾತನಾಡಿದ ಟರ್ಮಿನಿಯೆಲ್ಲೊ ಎಂಬ ಪಾದ್ರಿಗೆ ಶಾಂತಿಭಂಗದ ಆರೋಪದಡಿ 100 ಡಾಲರ್ ದಂಡ ವಿಧಿಸಲಾಯಿತು. ಕಲ್ಲೆಸೆದು ಕಿಟಕಿ ಒಡೆದದ್ದು ಮಾತ್ರ ಹೊರಗೆ ಸೇರಿದ್ದ ವಿರೋಧಿಗಳು. ಮಾತು ಕೇಳುಗರನ್ನು ಕೆರಳಿಸಿತೆಂಬ ಕಾರಣಕ್ಕೇ ಮಾತನಾಡಿದವರನ್ನು ಶಿಕ್ಷಿಸಲಾಗದೆಂದು 1949ರಲ್ಲಿ ಸುಪ್ರೀಂ ಕೋರ್ಟ್ 5–4ರ ಬಹುಮತದಿಂದ ಆ ಶಿಕ್ಷೆಯನ್ನು ರದ್ದುಪಡಿಸಿತು.

ಎರಡೇ ವರ್ಷಗಳಲ್ಲಿ ಅದೇ ನ್ಯಾಯಾಲಯ ಹಿಂದೆ ಸರಿಯಿತು. ನ್ಯೂಯಾರ್ಕ್ ರಾಜ್ಯದ ಸಿರಾಕ್ಯೂಸ್‌ನಲ್ಲಿ ಬೀದಿಬದಿ ನಿಂತು ಅಧ್ಯಕ್ಷ ಟ್ರೂಮನ್ ಅವರನ್ನು ಟೀಕಿಸಿದ ಕಾಲೇಜು ವಿದ್ಯಾರ್ಥಿಯನ್ನು ಪೊಲೀಸರು ಬಂಧಿಸಿದ್ದರು. ಅವನು ನಿಂತಿದ್ದ ಪೆಟ್ಟಿಗೆಯ ಮೇಲಿಂದ ಪೊಲೀಸರು ಅವನನ್ನು ಇಳಿಸದಿದ್ದರೆ ತಾನೇ ಇಳಿಸುವೆನೆಂದು ಕೇಳುಗನೊಬ್ಬ ಬೆದರಿಸಿದ್ದ. ಬೆದರಿಸಿದವನ ಬದಲು ಮಾತನಾಡಿದವನಿಗೆ ಆದ ಶಿಕ್ಷೆಯನ್ನು 1951ರಲ್ಲಿ ಬಹುಮತ ಎತ್ತಿಹಿಡಿಯಿತು. ಬೆದರಿಕೆಗೆ ಒಳಗಾದವನನ್ನು ರಕ್ಷಿಸಲು ಪೊಲೀಸರು ಮೊದಲು ಪ್ರಯತ್ನಿಸಬೇಕಿತ್ತು ಎಂಬ ನ್ಯಾಯಮೂರ್ತಿ ಹ್ಯೂಗೊ ಬ್ಲ್ಯಾಕ್ ಅವರ ಭಿನ್ನಮತವೇ ನನಗೆ ಈ ಇತಿಹಾಸದ ಅತ್ಯಂತ ನ್ಯಾಯಯುತ ಮಾತಾಗಿ ಕಾಣುತ್ತದೆ.

ಹಿಂಸೆಗೆ ಪ್ರಚೋದನೆ ಯಾವುದೆಂಬ ಅಳತೆಗೋಲು ಸಿಕ್ಕಿದ್ದು 1969ರ ಬ್ರಾಂಡೆನ್‌ಬರ್ಗ್ ಪ್ರಕರಣದಲ್ಲಿ: ತಕ್ಷಣವೇ ಕಾನೂನುಬಾಹಿರ ಕೃತ್ಯ ನಡೆಸುವ ಉದ್ದೇಶವಿದ್ದು, ಅದು ನಡೆಯುವ ಸಂಭವವೂ ಇದ್ದಾಗ ಮಾತ್ರ ಮಾತು ಅಪರಾಧವಾಗುತ್ತದೆ.

2016ರ ಮಾರ್ಚ್ 1ರಂದು ಲೂಯಿವಿಲ್‌ನಲ್ಲಿ ನಡೆದ ಚುನಾವಣಾ ಸಭೆಯ ಪ್ರಕರಣವನ್ನು ಅಳೆದದ್ದು ಇದರಿಂದಲೇ. ಡೊನಾಲ್ಡ್ ಟ್ರಂಪ್ ‘ಅವರನ್ನು ಹೊರಹಾಕಿ’ ಎಂದ ಬಳಿಕ ಸಭಿಕರು ತಮ್ಮನ್ನು ತಳ್ಳಿ ಹೊಡೆದರೆಂದು ಮೂವರು ಪ್ರತಿಭಟನಕಾರರು ದಾವೆ ಹೂಡಿದರು. ಕೆಳ ನ್ಯಾಯಾಲಯ 2017ರಲ್ಲಿ ವಿಚಾರಣೆ ಮುಂದುವರಿಸಲು ಒಪ್ಪಿದರೂ, ಟ್ರಂಪ್ ‘ನೋಯಿಸಬೇಡಿ’ ಎಂದೂ ಹೇಳಿದ್ದನ್ನು ಗಮನಿಸಿದ ಮೇಲ್ಮನವಿ ನ್ಯಾಯಾಲಯ 2018ರಲ್ಲಿ ಅವರ ವಿರುದ್ಧದ ಪ್ರಚೋದನೆಯ ಆರೋಪವನ್ನು ತಳ್ಳಿಹಾಕಿತು.

ಬಾಡಿಗೆಗೆ ಪಡೆದ ಸಭಾಂಗಣದಿಂದ ಅಡ್ಡಿಪಡಿಸುವವರನ್ನು ಹೊರಕಳುಹಿಸುವ ಹಕ್ಕು ಆಯೋಜಕರಿಗೆ ಇದ್ದೇ ಇದೆ. ಆದರೆ ಆ ಕೆಲಸ ಭದ್ರತಾ ಸಿಬ್ಬಂದಿಯದು, ಸಭಿಕರದಲ್ಲ. ಭಾಷಣಕಾರರು ಪ್ರಚೋದನೆಯ ಆರೋಪದಿಂದ ಪಾರಾದರೂ ಕೈ ಮಾಡಿದವರ ಹಲ್ಲೆ ಹಲ್ಲೆಯಾಗಿಯೇ ಉಳಿಯುತ್ತದೆ.