ದಿರ್ಹಮ್ ಏರಿದ್ದೋ, ರೂಪಾಯಿ ಇಳಿದದ್ದೋ?

ಕಾಸರಗೋಡು ಕರಾವಳಿಯ ಉಪ್ಪಳದ ಚಹಾ ಅಂಗಡಿಯಲ್ಲಿ ಕೂತರೆ ಈ ಮಾತು ಕಿವಿಗೆ ಬಿದ್ದೇ ಬೀಳುತ್ತದೆ: "ದಿರ್ಹಮ್ ಇಪ್ಪತ್ಮೂರು ರೂಪಾಯಿ ದಾಟಿತು ಮಾರಾಯ, ದುಬೈ ಭಾರೀ ಮೇಲೆ ಹೋಯಿತು!" ದುಬೈ ಎಲ್ಲಿಗೂ ಹೋಗಿಲ್ಲ. ಡಾಲರಿಗೆ 3.6725 ದಿರ್ಹಮ್ ಎಂದು ದುಬೈ ಇರುವ ದೇಶ ಯುಎಇ 1997ರಲ್ಲಿ ತನ್ನ ಹಣಕ್ಕೆ ಹಾಕಿದ ಗಂಟು ಇವತ್ತಿಗೂ ಸಡಿಲಾಗಿಲ್ಲ. ಹಾಗಾಗಿ ನಮ್ಮ ಮೊಬೈಲಿಗೆ ದಿನಾ ಬರುವ ದಿರ್ಹಮ್ ರೇಟು ಅಸಲಿಗೆ ಡಾಲರ್ ರೇಟೇ. ಡಾಲರಿಗೆ 84 ರೂಪಾಯಿ ಇದ್ದರೆ 3.6725ರಿಂದ ಭಾಗಿಸಿ, 22.87 ಸಿಗುತ್ತದೆ. 88 ಆದರೆ 23.96. ಸಾವಿರ ದಿರ್ಹಮ್ ಕಳಿಸುವ ಮಗನ ಮನೆಗೆ ಮೊದಲಿಗಿಂತ ಸಾವಿರದ ಮೇಲೆ ರೂಪಾಯಿ ಜಾಸ್ತಿ ಬಂತು, ಸಂಬಳ ಒಂದು ಫಿಲ್ಸ್ (ದಿರ್ಹಮಿನ ಪೈಸೆ) ಕೂಡ ಏರದೆ. ಸೌದಿ ರಿಯಾಲಿನದ್ದೂ ಇದೇ ಕಥೆ, ಅಲ್ಲಿ ಗಂಟು 3.75.

ಅಲುಗಾಡುವುದು ಈ ಕಡೆಯ ತುದಿ. 1993ರಿಂದ ರೂಪಾಯಿಯ ಬೆಲೆ ಮಾರುಕಟ್ಟೆಯದ್ದು. ಕಚ್ಚಾತೈಲ, ಚಿನ್ನ ತರಿಸುವವರಿಗೆ ಡಾಲರ್ ಬೇಕು. ರಫ್ತಿನವರೂ ಗಲ್ಫಿನ ಮಕ್ಕಳೂ ಡಾಲರ್ ತರುತ್ತಾರೆ. ಬೇಕೆನ್ನುವವರು ಹೆಚ್ಚಾದರೆ ರೂಪಾಯಿ ಜಾರುತ್ತದೆ. ತೀರಾ ಜಾರಿದರೆ ರಿಸರ್ವ್ ಬ್ಯಾಂಕ್ ತನ್ನಲ್ಲಿರುವ ಡಾಲರ್ ಮಾರಿ ತಡೆಯುತ್ತದೆ. ರೂಪಾಯಿ ಜಾರಿದಾಗ ಹೊರಗಿಂದ ತರಿಸುವ ತೈಲವೂ ದುಬಾರಿ, ಹಾಗಾಗಿ ಮನೆಗೆ ಹೆಚ್ಚು ಬಂದದ್ದರಲ್ಲಿ ಒಂದು ಪಾಲು ಪೆಟ್ರೋಲಿಗೋ ಗ್ಯಾಸಿಗೋ ಹೋಗುತ್ತದೆ.

ಇನ್ನೊಂದು ಭ್ರಮೆ: ಕುವೈತ್ ದಿನಾರಿಗೆ ಇನ್ನೂರಕ್ಕೂ ಹೆಚ್ಚು ರೂಪಾಯಿ, ಆದ್ದರಿಂದ ಅದು ಜಗತ್ತಿನ ಅತಿ ಬಲಿಷ್ಠ ದೇಶ! ಅಡಿಕೆಯ ಧಾರಣೆಯನ್ನು ಕಿಲೋ ಬಿಟ್ಟು ಕ್ವಿಂಟಾಲಿನಲ್ಲಿ ಹೇಳಿದರೆ ತೋಟ ದೊಡ್ಡದಾಗುತ್ತದೆಯೇ? 1961ರಲ್ಲಿ ದಿನಾರನ್ನು ಬ್ರಿಟಿಷ್ ಪೌಂಡಿಗೆ ಸಮನಾಗಿ ಹುಟ್ಟಿಸಿದರು, ಅಳತೆಯೇ ದೊಡ್ಡದು. ಒಂದು ರೂಪಾಯಿಗೆ ಒಂದಕ್ಕಿಂತ ಹೆಚ್ಚು ಯೆನ್ ಸಿಗುತ್ತದೆ. ಹಾಗೆಂದು ಜಪಾನ್ ನಮಗಿಂತ ಬಡದೇಶವಲ್ಲ. ಅಂಕಿಯ ಗಾತ್ರ ಏನೂ ಹೇಳುವುದಿಲ್ಲ, ಅದು ಯಾವ ದಿಕ್ಕಿಗೆ ಸರಿಯುತ್ತಿದೆ ಎಂಬುದನ್ನು ನೋಡಬೇಕು.

1947ರಲ್ಲಿ ಒಂದು ರೂಪಾಯಿಗೆ ಒಂದು ಡಾಲರ್ ಸಿಗುತ್ತಿತ್ತು ಎಂದು ಪ್ರತಿ ಆಗಸ್ಟಿನಲ್ಲಿ ವಾಟ್ಸಾಪಿನಲ್ಲಿ ಓಡಾಡುವುದೂ ಸುಳ್ಳು. ಆಗ ಪೌಂಡಿಗೆ 13.33 ರೂಪಾಯಿ, ಪೌಂಡಿಗೆ ಸುಮಾರು ನಾಲ್ಕು ಡಾಲರ್. ಲೆಕ್ಕ ಹಾಕಿದರೆ ಡಾಲರಿಗೆ ಸುಮಾರು 3.30 ರೂಪಾಯಿ.

ನಿಜವಾಗಿ ಒಂದಕ್ಕೊಂದು ಇದ್ದದ್ದು ಬೇರೆ ಕಡೆ. ದುಬೈಯಲ್ಲಿ ನಡೆಯುತ್ತಿದ್ದದ್ದೇ ನಮ್ಮ ರೂಪಾಯಿ! ಚಿನ್ನದ ಕಳ್ಳಸಾಗಣೆಯಿಂದ ವಿದೇಶಿ ವಿನಿಮಯ ಸೋರಿಹೋಗುತ್ತಿದೆ ಎಂದು 1959ರಲ್ಲಿ ಭಾರತ ಕೊಲ್ಲಿಗೆಂದೇ ಬೇರೆ ಬಣ್ಣದ ನೋಟು ಅಚ್ಚು ಹಾಕಿಸಿತು. ಬೆಲೆ ಮಾತ್ರ ಸಮ. ಈ ಕರಾವಳಿಯಿಂದ ಅಲ್ಲಿಗೆ ಹೋದವನು ರೇಟು ಕೇಳುವ ಅಗತ್ಯವೇ ಇರಲಿಲ್ಲ. 1966ರ ಜೂನ್ 6ರಂದು ಡಾಲರಿನ ಬೆಲೆ 4.76ರಿಂದ 7.50 ರೂಪಾಯಿಗೆ ಏರಿತು. ಅಲ್ಲಿನವರ ತಿಜೋರಿಯಲ್ಲಿದ್ದ ನೋಟಿಗೂ ಅದೇ ಏಟು. ದುಬೈ, ಕತಾರ್, ಅಬುಧಾಬಿ ಆ ವರ್ಷವೇ ರೂಪಾಯಿ ಬಿಟ್ಟವು. ಒಮಾನ್ 1970ರವರೆಗೆ ಹಿಡಿದುಕೊಂಡಿತ್ತು.