ಸೀರೆಯ ಅಂಚಿಗೆ ಮೂಲೆ ಇರುವುದಿಲ್ಲ

ಗಾಂಧಿ ಬಜಾರಿನ ಹತ್ತಿರವಿರುವ ನಮ್ಮ ಸ್ಟುಡಿಯೊಗೆ ಕಳೆದ ಶ್ರಾವಣದಲ್ಲಿ ಹಿರಿಯ ಹೆಂಗಸೊಬ್ಬರು ಬಂದಿದ್ದರು. ಬಾಗಲಕೋಟೆ ಕಡೆಯವರು, ಬಸವನಗುಡಿಯ ಮಗನ ಮನೆಯಲ್ಲಿದ್ದಾರೆ. ಒಂದು ಕೈಯಲ್ಲಿ ಮದುವೆಯ ಕಪ್ಪುಬಿಳುಪು ಫೋಟೊ, ಇನ್ನೊಂದರಲ್ಲಿ ಅಂದು ಉಟ್ಟಿದ್ದ ಇಳಕಲ್ ಸೀರೆ. "ಇದ ದಡಿ ಫೋಟೊದ ಸುತ್ತಲೂ ಬರಬೇಕ್ರಿ" ಅಂದರು. ದಡಿ ಅಂದರೆ ಸೀರೆಯ ಅಂಚು.

ಫೋಟೊಶಾಪ್‌ನಲ್ಲಿ ಅಂಚು ಹಾಕುವವರು ಸಾಮಾನ್ಯವಾಗಿ ಚಿತ್ರದ ಮೇಲೆಯೇ ಸ್ಟ್ರೋಕ್, ಅಂದರೆ ಸುತ್ತುಗೆರೆ, ಎಳೆದುಬಿಡುತ್ತಾರೆ. ಹಳೆಯ ಫೋಟೊಗಳಲ್ಲಿ ಪಾದ, ಮಲ್ಲಿಗೆ ದಂಡೆಯ ತುದಿ ಎಲ್ಲ ಅಂಚಿಗೇ ತಾಗಿಕೊಂಡಿರುತ್ತವೆ, ಗೆರೆ ಅವನ್ನು ತಿಂದುಹಾಕುತ್ತದೆ. ಸ್ಟ್ರೋಕನ್ನು ಔಟ್‌ಸೈಡ್ ಮಾಡಿದರೆ ಮೂಲೆಗಳು ದುಂಡಗಾಗುತ್ತವೆ. ಮೊದಲು ಕ್ಯಾನ್ವಾಸ್ ಸೈಜ್‌ನಲ್ಲಿ ಹೊರಗಡೆ ಜಾಗ ಮಾಡಿಕೊಳ್ಳಿ. ಫೋಟೊ ತಿದ್ದುವ ಇನ್ನೊಂದು ತಂತ್ರಾಂಶ ಗಿಂಪ್‌ನಲ್ಲೂ ಇದೇ ಸೌಲಭ್ಯವಿದೆ, ಅದಕ್ಕೆ ದುಡ್ಡೂ ಕೊಡಬೇಕಿಲ್ಲ.

ಕಷ್ಟ ಶುರುವಾದದ್ದು ಮೂಲೆಯಲ್ಲಿ. ಸೀರೆಯ ಅಂಚು ಉದ್ದಕ್ಕೆ ಹೋಗಿ ಮುಗಿಯುತ್ತದೆ, ಎಲ್ಲೂ ತಿರುಗುವುದಿಲ್ಲ. ಫೋಟೊದ ಅಂಚು ನಾಲ್ಕು ಸಲ ತಿರುಗಬೇಕು. ಒಂದು ಆಕೃತಿಯನ್ನು ಪ್ಯಾಟರ್ನ್ ಮಾಡಿ ತುಂಬಿದರೆ ಅದು ಎಡ ಮೇಲ್ಮೂಲೆಯಿಂದ ಸಾಲುಗಟ್ಟುತ್ತಾ ಹೋಗಿ, ಲೆಕ್ಕ ಕೂಡದಿದ್ದರೆ ಬಲಕ್ಕೂ ಕೆಳಕ್ಕೂ ಅರ್ಧಕ್ಕೇ ತುಂಡಾಗುತ್ತದೆ. ಬದಿಗಳಲ್ಲಿ ಆಕೃತಿ ತಿರುಗುವುದೂ ಇಲ್ಲ. ಹಾಗಾಗಿ ನಾನು ಒಂದು ಸಾಲನ್ನು ಪ್ರತ್ಯೇಕ ಲೇಯರ್ (ಪದರ) ಮಾಡಿ, ನಕಲು ತೆಗೆದು, 90 ಡಿಗ್ರಿ ತಿರುಗಿಸಿ ಕೂರಿಸುತ್ತೇನೆ.

ಇಲ್ಲಿ ಲೆಕ್ಕ ಬೇಕು. 12x18 ಇಂಚಿನ ಪ್ರಿಂಟ್, ಇಂಚಿಗೆ 300 ಪಿಕ್ಸೆಲ್‌ನ ಲೆಕ್ಕದಲ್ಲಿ, 3600x5400. ಲ್ಯಾಬ್‌ನಲ್ಲಿ ಕಾಗದ ಕತ್ತರಿಸುವಾಗ ಎರಡು ಮೂರು ಮಿಲಿಮೀಟರ್ ಆಚೀಚೆ ಆಗುತ್ತದೆ. ಅಂಚು ಕಾಗದದ ತುದಿಗೇ ಇದ್ದರೆ ಒಂದು ಬದಿ ಸಣಕಲಾಗಿ ಕಾಣುತ್ತದೆ. ಸುತ್ತ 180 ಪಿಕ್ಸೆಲ್ ಖಾಲಿ ಬಿಟ್ಟೆ. ಉಳಿದದ್ದು 3240x5040. ಆಕೃತಿಯೂ 180 ಪಿಕ್ಸೆಲ್ ಅಗಲ ಅಂದರೆ ಅಡ್ಡಕ್ಕೆ 18, ಉದ್ದಕ್ಕೆ 28. ಎರಡೂ ಸಮಸಂಖ್ಯೆ, ನಟ್ಟನಡುವೆ ಆಕೃತಿ ಬರುವುದಿಲ್ಲ. ದಂಪತಿ ಮಧ್ಯದಲ್ಲಿ ಕೂತಿರುವ ಚಿತ್ರಕ್ಕೆ ನಡುವೆ ಒಂದು ಆಕೃತಿ ಇದ್ದರೇ ಚೆಂದ. ಮೂಲೆಯ ಚೌಕವನ್ನು 270 ಪಿಕ್ಸೆಲ್ ಮಾಡಿದೆ, ಆಕೃತಿಯ ಒಂದೂವರೆ ಪಟ್ಟು. ಆಗ ನಡುವೆ ಉಳಿಯುವುದು ಸರಿಯಾಗಿ 15 ಮತ್ತು 25. ಇಂಥ ಲೆಕ್ಕ ಕೂಡಿದ ದಿನ ನನಗೆ ನಿಜಕ್ಕೂ ಸಂತೋಷವಾಗುತ್ತದೆ.

ಮೂಲೆಗೆ ಚಿತ್ರವನ್ನು ಎಲ್ಲಿಂದ ತರುವುದು? ಸೆರಗಿನಲ್ಲಿ ಕಸೂತಿಯ ಕಮಲವಿತ್ತು. ಕಸೂತಿ ಎಳೆ ಎಣಿಸಿ ಹಾಕುವ ಹೊಲಿಗೆ, ಪಿಕ್ಸೆಲ್ ಚೌಕಗಳ ಮೇಲೆ ಅದು ಅಚ್ಚುಕಟ್ಟಾಗಿ ಕೂರುತ್ತದೆ. ಕಮಲವನ್ನು ಯಾವ ಕಡೆ ತಿರುಗಿಸಿದರೂ ಅದೇ ರೂಪ. ಕಸೂತಿಯ ಗೋಪುರವನ್ನು ಹಾಕಿದ್ದರೆ ಕೆಳಗಿನ ಮೂಲೆಗಳಲ್ಲಿ ತಲೆಕೆಳಗಾಗುತ್ತಿತ್ತು. ಸೀರೆಯನ್ನು ನೇರ ಬಿಸಿಲು ಬೀಳದ ಕಿಟಕಿಯ ಬೆಳಕಿನಲ್ಲಿ ಹರಡಿ, ಕ್ಯಾಮೆರಾವನ್ನು ನೇರ ಮೇಲಿಟ್ಟು ತೆಗೆದೆ. ಆದರೆ ಆ ಫೋಟೊವನ್ನೇ ಅಂಟಿಸಲಿಲ್ಲ. ರೇಷ್ಮೆಯ ಹೊಳಪು ಪ್ರತಿ ಜೋಡಣೆಯಲ್ಲೂ ಗೆರೆಯಾಗಿ ಕಾಣುತ್ತದೆ. ಪೆನ್ ಟೂಲ್‌ನಲ್ಲಿ ಆಕಾರವನ್ನಷ್ಟೇ ಬಿಡಿಸಿಕೊಂಡೆ.

ಬಣ್ಣದ ವಿಷಯದಲ್ಲಿ ನಾನು ಹಟ ಹಿಡಿದೆ. ಸೀರೆಯ ಕೆಂಪು ಹಾಗೇ ಬಂದರೆ ಕಣ್ಣು ಮುಖಗಳ ಮೇಲೆ ನಿಲ್ಲುವುದೇ ಇಲ್ಲ. ಹಳೆಯ ಪ್ರಿಂಟಿನಲ್ಲೇ ಇದ್ದ ಕಂದು ಬಣ್ಣವನ್ನು ಐಡ್ರಾಪರ್‌ನಲ್ಲಿ ಎತ್ತಿ ಅಂಚಿಗೆ ತುಂಬಿದೆ.

"ಕೆಂಪು ಎಲ್ಲೈತ್ರಿ?"

"ಅಮ್ಮಾ, ಎಲ್ಲ ಕಡೆ ಹಾಕಿದರೆ ನಿಮ್ಮ ಮುಖ ಮಂಕಾಗುತ್ತದೆ" ಎಂದು ಕೆಂಪು, ಕಂದು ಎರಡನ್ನೂ ಪರದೆಯ ಮೇಲೆ ತೋರಿಸಿದೆ. ಬಹಳ ಹೊತ್ತು ನೋಡಿದರು. ಕೊನೆಗೆ ಅಂಚಿಗೂ ಚಿತ್ರಕ್ಕೂ ನಡುವೆ 12 ಪಿಕ್ಸೆಲ್‌ನ, ಅಂದರೆ ಸುಮಾರು ಒಂದು ಮಿಲಿಮೀಟರ್‌ನ, ಕೆಂಪು ಗೆರೆ ಉಳಿಯಿತು.

ಲ್ಯಾಬ್‌ಗೆ ಎಸ್‌ಆರ್‌ಜಿಬಿ ಎಂಬ ಬಣ್ಣದ ವ್ಯವಸ್ಥೆಯಲ್ಲಿ ಜೆಪೆಗ್ ಕಳಿಸಿ, ಲೇಯರ್ ಇರುವ ಫೈಲನ್ನು ಬೇರೆಯಾಗಿ ಇಟ್ಟುಕೊಂಡೆ. ಪ್ರಿಂಟ್ ಬಂದಾಗ ಅವರು ಅಂಚಿನ ಮೇಲೆ ಬೆರಳಾಡಿಸುತ್ತಾ ಮೂಲೆಗೆ ಬಂದು ನಿಂತರು. "ಇದು ದಡಿಯಾಗ ಇರಲಿಲ್ಲಲ್ರಿ?" ಸೆರಗು ಬಿಚ್ಚಿ ಕಮಲ ತೋರಿಸಿದೆ. "ಇದನ್ನ ನಮ್ಮವ್ವ ಹಾಕಿದ್ದು" ಅಂದರು.