ಅನಾಮಧೇಯ ಕ್ರೈಸ್ತ ಅಂದ್ರೆ ಯಾರು?

ಈ ಪದ ಮೊದಲ್ನೇ ಸಲ ಕಿವಿಗೆ ಬಿದ್ದಾಗ ಹೆಚ್ಚಿನವ್ರು ತಪ್ಪಾಗೇ ಅರ್ಥ ಮಾಡ್ಕೋತಾರೆ, ನಾನೂ ಹಾಗೇ ಮಾಡ್ಕೊಂಡಿದ್ದೆ, ಯಾರಿಗೋ ಹೆದರಿ ತನ್ನ ಧರ್ಮ ಮುಚ್ಚಿಟ್ಕೊಂಡು ಬದುಕೋ ಕ್ರೈಸ್ತ ಇರ್ಬೇಕು ಅಂತ. ಅಂಥವ್ರು ಇದ್ದಿದ್ದು ನಿಜ. ಜಪಾನ್‌ನಲ್ಲಿ 1614ರಲ್ಲಿ ಕ್ರೈಸ್ತ ಧರ್ಮಕ್ಕೆ ನಿಷೇಧ ಬಿದ್ಮೇಲೆ ಎಷ್ಟೋ ಕುಟುಂಬಗಳು ಇನ್ನೂರು ವರ್ಷಕ್ಕೂ ಹೆಚ್ಚು ಕಾಲ ಪಾದ್ರಿಗಳೇ ಇಲ್ದೆ ಪ್ರಾರ್ಥನೆಗಳನ್ನ ಬಾಯಿಂದ ಬಾಯಿಗೆ ದಾಟಿಸ್ಕೊಂಡು ಬಂದು, ಕೊನೆಗೆ 1865ರಲ್ಲಿ ನಾಗಸಾಕಿಯ ಚರ್ಚಲ್ಲಿ ಒಬ್ಬ ಫ್ರೆಂಚ್ ಪಾದ್ರಿ ಹತ್ರ ಗುಟ್ಟು ಬಿಟ್ಕೊಟ್ರು. ಆದ್ರೆ ಅವ್ರು ಗುಪ್ತ ಕ್ರೈಸ್ತರು. ತಾವು ಯಾರು ಅಂತ ಅವ್ರಿಗೆ ಗೊತ್ತಿತ್ತು, ಊರಿಗೆ ಗೊತ್ತಿರ್ಲಿಲ್ಲ. ಅನಾಮಧೇಯ ಕ್ರೈಸ್ತನ ಕಥೆ ಪೂರ್ತಿ ಉಲ್ಟಾ, ಅವನು ಕ್ರೈಸ್ತ ಅಂತ ದೇವತಾಶಾಸ್ತ್ರಜ್ಞರು ಹೇಳ್ತಾರೆ, ಅವನಿಗೇ ಆ ವಿಷ್ಯ ಗೊತ್ತಿಲ್ಲ!

ಈ ಪದ ಚಲಾವಣೆಗೆ ತಂದಿದ್ದು ಕಾರ್ಲ್ ರಾನರ್ (1904-1984) ಅನ್ನೋ ಜರ್ಮನ್ ಪಾದ್ರಿ, ಜೆಸ್ವಿಟ್ ಅನ್ನೋ ಕ್ಯಾಥೊಲಿಕ್ ಸನ್ಯಾಸಿ ಸಂಘದವ್ರು. ಅವ್ರು ಹೇಳೋದು ಏನಂದ್ರೆ, ಒಬ್ಬ ಮನುಷ್ಯ ಬೌದ್ಧ ಆಗಿರ್ಬಹುದು, ಹಿಂದೂ ಆಗಿರ್ಬಹುದು, ದೇವ್ರೇ ಇಲ್ಲ ಅನ್ನೋನೂ ಆಗಿರ್ಬಹುದು, ಅವನು ತನ್ನ ಮನಸ್ಸಾಕ್ಷಿಗೆ ಪ್ರಾಮಾಣಿಕವಾಗಿ ಕಿವಿಗೊಟ್ಟು ಬದುಕ್ತಿದ್ರೆ ದೇವರ ಕೃಪೆಗೆ ಒಳಗೊಳಗೇ ‘ಹೂಂ’ ಅಂದಿದ್ದಾನೆ, ಆ ಕೃಪೆ ಬರೋದು ಕ್ರಿಸ್ತನಿಂದ್ಲೇ, ಹಾಗಾಗಿ ಹೆಸರಿಲ್ದೆ ಇದ್ರೂ ಅವನು ಕ್ರೈಸ್ತನೇ. ಕನ್ನಡದಲ್ಲಿ ‘ಅನಾಮಧೇಯ’ ಅಂದ್ರೆ ತಕ್ಷಣ ಮೂಗರ್ಜಿ ನೆನಪಾಗುತ್ತೆ, ಬರೆದವನು ಬೇಕಂತ್ಲೇ ಹೆಸರು ಮುಚ್ಚಿಟ್ಟಿರ್ತಾನೆ. ಇಲ್ಲಿ ಆ ಕಳ್ಳಾಟ ಏನಿಲ್ಲ. ‘ಹೆಸರಿಲ್ಲದ ಕ್ರೈಸ್ತ’ ಅಂದಿದ್ರೆ ಇನ್ನೂ ಸರಿ ಇರ್ತಿತ್ತೇನೋ.

ಇಂಥ ಒಂದು ಪದ ಯಾಕೆ ಬೇಕಾಯ್ತು? ಬೈಬಲ್ಲಿನ ಎರಡು ವಾಕ್ಯಗಳ ಮಧ್ಯೆ ಇರೋ ಗಂಟು ಕಾರಣ. ತಿಮೊಥೆಯನಿಗೆ ಬರೆದ ಮೊದಲ ಪತ್ರದಲ್ಲಿ (2:4) ಎಲ್ಲಾ ಮನುಷ್ಯರೂ ರಕ್ಷಣೆ (ಪಾಪದಿಂದ ಬಿಡುಗಡೆ, ಒಂಥರಾ ಮೋಕ್ಷ) ಹೊಂದ್ಬೇಕು ಅನ್ನೋದು ದೇವರ ಇಷ್ಟ ಅಂತ ಇದೆ. ಅಪೊಸ್ತಲರ ಕೃತ್ಯಗಳಲ್ಲಿ (4:12) ಯೇಸುವಿನ ಹೆಸರು ಬಿಟ್ರೆ ಬೇರೆ ಯಾವ ಹೆಸರಿಂದ್ಲೂ ರಕ್ಷಣೆ ಇಲ್ಲ ಅಂತ ಇದೆ. ಸರಿ, ಹಾಗಾದ್ರೆ ಆ ಹೆಸರು ಕೇಳೋ ಚಾನ್ಸೇ ಸಿಗದವ್ರ ಗತಿ ಏನು? ಯೇಸುಗಿಂತ ಐನೂರು ವರ್ಷ ಮುಂಚೆ ಹುಟ್ಟಿ ಸತ್ತವ್ರ ಗತಿ ಏನು? ಮೊದಲ ವಾಕ್ಯ ಹಿಡ್ಕೊಂಡ್ರೆ ಅವ್ರನ್ನ ಹೊರಗೆ ನಿಲ್ಲಿಸೋಕಾಗಲ್ಲ, ಎರಡನೇದು ಹಿಡ್ಕೊಂಡ್ರೆ ಒಳಗೆ ಕರೆಯೋಕಾಗಲ್ಲ.

ಚರ್ಚ್ ಈ ಗಂಟನ್ನ ಶತಮಾನಗಟ್ಟಲೆ ಒಂದೊಂದು ಥರ ಎಳೆದಾಡಿದೆ. ‘ಧರ್ಮಸಭೆಯ (ಅಂದ್ರೆ ಚರ್ಚಿನ) ಹೊರಗೆ ರಕ್ಷಣೆ ಇಲ್ಲ’ ಅನ್ನೋ ಫೇಮಸ್ ಮಾತಿನ ಬೇರು ಇರೋದು ಮೂರನೇ ಶತಮಾನದ ಕಾರ್ಥೇಜಿನ ಬಿಷಪ್ ಸಿಪ್ರಿಯನ್ ಹತ್ರ, ಆದ್ರೆ ಅವ್ರು ಆಗ ಬೈತಿದ್ದಿದ್ದು ಬೇರೆ ಧರ್ಮದವ್ರನ್ನಲ್ಲ, ಚರ್ಚ್ ಒಡೆದು ಆಚೆ ಹೋದ ಕ್ರೈಸ್ತರನ್ನ. ಈ ಸಂದರ್ಭ ಬಿಟ್ಟು ಬರೀ ಆ ಮಾತನ್ನ ಎತ್ಕೊಂಡು ಓಡಾಡೋದು ಈಗ್ಲೂ ನಡೀತಿದೆ. ಆಮೇಲೆ ಅದು ಗಟ್ಟಿಯಾಗ್ತಾ ಹೋಗಿ, 1442ರಲ್ಲಿ ಫ್ಲಾರೆನ್ಸ್ ಮಹಾಸಭೆ (ಬಿಷಪ್‌ಗಳು ಸೇರೋ ಚರ್ಚಿನ ದೊಡ್ಡ ಸಭೆ) ಅನ್ಯಧರ್ಮೀಯರು, ಯೆಹೂದ್ಯರು, ಪಾಷಂಡಿಗಳು, ಚರ್ಚ್ ಬಿಟ್ಟು ಹೋದವ್ರು, ಇವ್ರೆಲ್ಲ ಸಾಯೋದ್ರೊಳಗೆ ಚರ್ಚಿಗೆ ಸೇರದಿದ್ರೆ ನಿತ್ಯ ಬೆಂಕಿಗೇ ಅಂತ ಸಾರಿಬಿಡ್ತು. ಸರಿಯಾಗಿ ಐವತ್ತು ವರ್ಷಕ್ಕೆ, 1492ರಲ್ಲಿ, ಕೊಲಂಬಸ್ ಅಟ್ಲಾಂಟಿಕ್ ದಾಟಿದ. ಯೇಸುವಿನ ಹೆಸರೇ ಕೇಳದ ಜನರಿಂದ ತುಂಬಿದ ಒಂದಿಡೀ ಖಂಡ ಆಚೆ ಇದೆ ಅಂತ ಗೊತ್ತಾದ್ಮೇಲೆ ಅಷ್ಟು ಸಲೀಸಾಗಿ ಬೆಂಕಿಯ ಮಾತು ಆಡೋದು ಕಷ್ಟ ಆಯ್ತು. 1547ರಲ್ಲಿ ಟ್ರೆಂಟ್ ಮಹಾಸಭೆ ದೀಕ್ಷಾಸ್ನಾನ (ಚರ್ಚಿಗೆ ಸೇರಿಸ್ಕೊಳ್ಳೋ ನೀರಿನ ಸಂಸ್ಕಾರ) ಇಲ್ಲ ಅಂದ್ರೂ ಅದರ ಬಯಕೆ ಇದ್ರೆ ಸಾಕಾಗ್ಬಹುದು ಅನ್ನೋಕೆ ಜಾಗ ಬಿಡ್ತು, 1863ರಲ್ಲಿ ಒಂಬತ್ತನೇ ಪಿಯುಸ್ ಪೋಪ್ ತಮ್ಮ ತಪ್ಪಿಲ್ದೆ ತಿಳೀದೇ ಉಳಿದವ್ರನ್ನ ದೇವ್ರು ಶಿಕ್ಷಿಸಲ್ಲ ಅಂದ್ರು.

ಇಲ್ಲೊಂದು ತಮಾಷೆ ಹೇಳ್ಲೇಬೇಕು. ಅಮೆರಿಕದ ಬಾಸ್ಟನ್‌ನಲ್ಲಿ ಲಿಯೊನಾರ್ಡ್ ಫೀನಿ ಅಂತ ಒಬ್ಬ ಪಾದ್ರಿ ಇದ್ರು. ಕ್ಯಾಥೊಲಿಕ್ ಆಗದ ಯಾರಿಗೂ ರಕ್ಷಣೆ ಇಲ್ಲ, ಚೌಕಾಸಿ ಮಾತೇ ಬೇಡ ಅಂತ ಹಟ ಹಿಡಿದು ಬೋಧನೆ ಮಾಡ್ತಿದ್ರು. 1949ರಲ್ಲಿ ರೋಮ್‌ನಿಂದ ಅದು ತಪ್ಪು ಅಂತ ಪತ್ರ ಬಂತು, ರೋಮ್‌ಗೆ ಬನ್ನಿ ಅಂತ ಕರೆದ್ರೆ ಹೋಗ್ಲಿಲ್ಲ, 1953ರಲ್ಲಿ ಅವ್ರನ್ನ ಬಹಿಷ್ಕಾರ ಹಾಕಿದ್ರು. ಅಂದ್ರೆ ಹೊರಗಿದ್ದವ್ರಿಗೆ ಗತಿಯಿಲ್ಲ ಅಂತಿದ್ದವ್ರೇ ಹೊರಗೆ ಬಿದ್ರು, 1972ರಲ್ಲಿ ಮತ್ತೆ ಒಳಗೆ ಸೇರಿಸ್ಕೊಳ್ಳೋವರ್ಗೂ.

ರಾನರ್ ಯೋಚನೆಗೆ ಬೈಬಲ್ಲಲ್ಲೇ ಆಧಾರ ಇಲ್ವಾ ಅಂದ್ರೆ ಇದೆ. ಅಪೊಸ್ತಲರ ಕೃತ್ಯಗಳ 10ನೇ ಅಧ್ಯಾಯ ನಿಧಾನವಾಗಿ ಓದಿ ನೋಡಿ. ಯೇಸುವಿನ ಶಿಷ್ಯ ಪೇತ್ರ ಯೊಪ್ಪ ಅನ್ನೋ ಊರಲ್ಲಿ ಮಾಳಿಗೆ ಮೇಲೆ ಪ್ರಾರ್ಥನೆಗೆ ಹೋಗಿದ್ದಾನೆ, ಹೊಟ್ಟೆ ಹಸೀತಿದೆ, ಕೆಳಗೆ ಅಡುಗೆ ಆಗ್ತಿದೆ. ಆಗ ಒಂದು ದರ್ಶನ, ದೊಡ್ಡ ಬಟ್ಟೆಯೊಂದು ಆಕಾಶದಿಂದ ಇಳಿಯುತ್ತೆ, ಅದರೊಳಗೆ ಯೆಹೂದ್ಯರು ಮುಟ್ಟಬಾರದ ಪ್ರಾಣಿಗಳು, ಕೊಯ್ದು ತಿನ್ನು ಅಂತ ಧ್ವನಿ. ಛೇ ನಾನು ಅಂಥದ್ದೆಲ್ಲ ಯಾವತ್ತೂ ತಿಂದೋನಲ್ಲ ಅಂತಾನೆ ಪೇತ್ರ. ಮೂರು ಸಲ ಹೀಗೇ ಆಗುತ್ತೆ. ಅಷ್ಟರಲ್ಲಿ ಬಾಗಿಲಲ್ಲಿ ಜನ, ಕೈಸರೈಯದಿಂದ ಕೊರ್ನೇಲ್ಯ ಅನ್ನೋ ರೋಮನ್ ಶತಾಧಿಪತಿ ಕಳಿಸಿದವ್ರು. ಯೆಹೂದ್ಯನಲ್ಲ, ಸುನ್ನತಿ ಆಗಿಲ್ಲ, ಮೇಲಾಗಿ ಆಳೋ ಸೈನ್ಯದ ಆಫೀಸರ್, ಆದ್ರೂ ದಾನ ಧರ್ಮ ಪ್ರಾರ್ಥನೆ ಬಿಟ್ಟವನಲ್ಲ. ಪೇತ್ರ ಅವನ ಮನೆಗೆ ಹೋಗ್ತಾನೆ, ಮಾತಾಡ್ತಾನೆ, ಮಾತು ಮುಗಿಯೋ ಮೊದ್ಲೇ ಕೇಳ್ತಿದ್ದ ಎಲ್ಲರ ಮೇಲೂ ಪವಿತ್ರಾತ್ಮ ಇಳಿದುಬಿಡುತ್ತೆ. ದೀಕ್ಷಾಸ್ನಾನ ಆಮೇಲೆ! ಕ್ರಮಾನೇ ತಲೆಕೆಳಗು. ಇನ್ನು ಮುಂದಿನ ಅಧ್ಯಾಯದಲ್ಲಿ ಯೆರೂಸಲೇಮಿನವ್ರು ಪೇತ್ರನ್ನ ತರಾಟೆಗೆ ತಗೊಳ್ಳೋದು ಯಾವ ವಿಷ್ಯಕ್ಕೆ ಗೊತ್ತಾ, ಅಂಥವ್ರ ಮನೆಗೆ ಹೋಗಿ ಅವ್ರ ಜೊತೆ ಕೂತು ಉಂಡೆಯಲ್ಲ ಅಂತ. ದೊಡ್ಡ ದೊಡ್ಡ ಸಿದ್ಧಾಂತದ ಜಗಳ ಎಲ್ಲ ಶುರುವಾಗೋದು ಊಟದ ಪಂಕ್ತಿಯಲ್ಲೇ ಅನ್ಸುತ್ತೆ.

ಮತ್ತಾಯ 25ರಲ್ಲೂ ಹಾಗೇ, ಹಸಿದವ್ರಿಗೆ ಊಟ ಕೊಟ್ಟವ್ರು ಕೊನೆಯ ದಿನ ‘ಸ್ವಾಮಿ, ನಿನ್ನನ್ನ ನಾವು ಯಾವಾಗ ನೋಡಿದ್ವಿ?’ ಅಂತ ಕಣ್ಣರಳಿಸ್ತಾರೆ. ಯಾರಿಗೆ ಕೊಟ್ವಿ ಅನ್ನೋದೇ ಅವ್ರಿಗೆ ಗೊತ್ತಿರ್ಲಿಲ್ಲ.

ರಾನರ್ ಇದನ್ನ ಇನ್ನೂ ಆಳಕ್ಕೆ ತಗೊಂಡು ಹೋಗ್ತಾರೆ. ಕೃಪೆ ಅನ್ನೋದು ಚರ್ಚ್ ಬಾಗಿಲಲ್ಲಿ ಹಂಚೋ ಸಾಮಾನಲ್ಲ, ಮನುಷ್ಯ ಹುಟ್ಟುವಾಗ್ಲೇ ಅದರೊಳಗೇ ಹುಟ್ತಾನೆ, ಮೀನು ನೀರಲ್ಲಿ ಇದ್ದಂಗೆ. ಯಾರೂ ನೋಡ್ತಿಲ್ಲ, ಲಾಭ ಇಲ್ಲ, ಆದ್ರೂ ಒಬ್ಬ ಸುಳ್ಳು ಸಾಕ್ಷಿ ಹೇಳಲ್ಲ ಅಂತ ನಿಂತ್ಕೊಂಡ ಅಂದ್ರೆ ಅವನು ತನಗಿಂತ ದೊಡ್ಡದಕ್ಕೆ ತಲೆಬಾಗಿದ್ದಾನೆ, ಅದಕ್ಕೆ ಏನಂತ ಹೆಸರಿಡ್ಬೇಕು ಅಂತ ಗೊತ್ತಿಲ್ಲ ಅಷ್ಟೆ. ಇಲ್ಲಿ ಒಂದು ಸೂಕ್ಷ್ಮ ಇದೆ, ಎಲ್ಲಾ ದಾರಿನೂ ಸಮ ಅಂತ ರಾನರ್ ಹೇಳಲ್ಲ. ಕ್ರಿಸ್ತನಿಗೆ ಸಂಬಂಧಾನೇ ಇಲ್ದಿರೋ ರಕ್ಷಣೆಯ ದಾರಿನ ಒಬ್ಬ ಕ್ರೈಸ್ತನಾಗಿ ತಾನು ಒಪ್ಪೋಕಾಗಲ್ಲ, ಅದಕ್ಕೇ ಈ ಪದ ಬೇಕಾಯ್ತು ಅನ್ನೋದು ಅವ್ರ ವಾದ.

1962ರಲ್ಲಿ ಇದೇ ರಾನರ್ ಏನೇ ಬರೆದ್ರೂ ಪ್ರಿಂಟ್‌ಗೆ ಮುಂಚೆ ರೋಮ್‌ಗೆ ತೋರಿಸ್ಬೇಕು ಅಂತ ಕಟ್ಟಳೆ ಆಗಿತ್ತು, ಅದೇ ವರ್ಷ ಶುರುವಾದ ಎರಡನೇ ವ್ಯಾಟಿಕನ್ ಮಹಾಸಭೆಗೆ ಅವ್ರನ್ನೇ ತಜ್ಞರಾಗಿ ಕರೆಸ್ಕೊಂಡ್ರು. ಆ ಸಭೆ 1964ರಲ್ಲಿ ತಮ್ಮ ತಪ್ಪಿಲ್ದೆ ಶುಭಸಂದೇಶ ತಿಳೀದವ್ರಿಗೂ ರಕ್ಷಣೆ ಸಿಗ್ಬಹುದು ಅಂತು, 1965ರಲ್ಲಿ ಬೇರೆ ಧರ್ಮಗಳಲ್ಲಿ ಸತ್ಯ ಮತ್ತು ಪವಿತ್ರ ಆಗಿರೋ ಯಾವುದನ್ನೂ ತಳ್ಳಿಹಾಕಲ್ಲ ಅಂತು. ಆದ್ರೆ ‘ಅನಾಮಧೇಯ ಕ್ರೈಸ್ತ’ ಅನ್ನೋ ಪದನ ಮಾತ್ರ ಬಳಸ್ಲಿಲ್ಲ, ಬಳಸದೇ ಇದ್ದಿದ್ದು ಒಳ್ಳೇದೇ ಆಯ್ತು ಅನ್ನೋದು ನನ್ನ ಅಭಿಪ್ರಾಯ.

ಯಾಕಂದ್ರೆ ಬೈಗುಳ ಎರಡೂ ಕಡೆಯಿಂದ ಬಂತು. ಸ್ವಿಸ್ ಕ್ಯಾಥೊಲಿಕ್ ದೇವತಾಶಾಸ್ತ್ರಜ್ಞ ಹಾನ್ಸ್ ಉರ್ಸ್ ಫಾನ್ ಬಾಲ್ಥಸಾರ್, ಎಲ್ರೂ ಹೆಸರಿಲ್ದೇನೇ ಕ್ರೈಸ್ತರು ಆಗೋದಾದ್ರೆ ಆ ಹೆಸರಿಗೋಸ್ಕರ ಪ್ರಾಣ ಕೊಟ್ಟವ್ರು ಸುಮ್ನೆ ಸತ್ರಾ ಅನ್ನೋ ಥರ ಕೇಳಿದ್ರು. ಇನ್ನೊಂದು ಕಡೆಯಿಂದ, ಯಾವ ಒಂದು ಧರ್ಮಾನೂ ಕೇಂದ್ರ ಅಲ್ಲ ಅಂತಿದ್ದ ಬ್ರಿಟಿಷ್ ತತ್ವಜ್ಞಾನಿ ಜಾನ್ ಹಿಕ್, ಕೇಳದೇ ಇರೋವ್ರಿಗೆ ಏಕಪಕ್ಷೀಯವಾಗಿ ಕೊಡೋ ಗೌರವ ಸದಸ್ಯತ್ವ ಇದು ಅಂತ ಚುಚ್ಚಿದ್ರು. ಹಿಕ್ ಮಾತು ಸರಿಯಾಗಿ ನಾಟುತ್ತೆ. ಅಳತೆ ತಗೊಳ್ದೇ ಅಂಗಿ ಹೊಲಿದು ಇದು ನಿನಗೇ, ಹಾಕ್ಕೋ ಅಂದಂಗೆ. ಆದ್ರೆ ರಾನರ್ ಪರವಾಗಿ ಒಂದು ಮಾತು ಹೇಳ್ಬೇಕು, ಅವ್ರು ಇದನ್ನ ಬರೆದಿದ್ದು ಬೌದ್ಧರಿಗೆ ಹೋಗಿ ಹೇಳೋಕಲ್ಲ, ಹೊರಗಿರೋವ್ರ ಬಗ್ಗೆ ತಲೆಕೆಡಿಸ್ಕೊಂಡಿದ್ದ ಕ್ರೈಸ್ತರಿಗೆ. ಪದಕ್ಕೇ ಜೋತುಬೀಳ್ಬೇಕಿಲ್ಲ, ಇದಕ್ಕಿಂತ ಒಳ್ಳೇದು ಸಿಕ್ರೆ ಬಿಡೋಣ ಅಂತಾನೂ ಅಂದಿದ್ರು.

ಒಂದ್ಸಲ ಜಪಾನಿನ ತತ್ವಜ್ಞಾನಿ ನಿಶಿತಾನಿ ಕೇಜಿ ರಾನರ್‌ನ ನೇರವಾಗೇ ಕೇಳಿದ್ರು, ನಾನು ನಿಮ್ಮನ್ನ ಅನಾಮಧೇಯ ಝೆನ್ ಬೌದ್ಧ ಅಂದ್ರೆ ನೀವೇನಂತೀರಿ ಅಂತ. ನಿಮ್ಮ ಕಡೆಯಿಂದ ನೋಡಿದ್ರೆ ನೀವು ಹಾಗನ್ನಬಹುದು, ಹಾಗೇ ಅನ್ನಬೇಕು, ನಂಗದು ಗೌರವಾನೇ ಅಂದ್ರು ರಾನರ್. ಇದನ್ನ ಕೆಲವ್ರು ದೊಡ್ಡತನ ಅಂತಾರೆ, ಕೆಲವ್ರು ಜಾರ್ಕೊಂಡ ಉತ್ತರ ಅಂತಾರೆ. ನಂಗೆ ಮೊದಲ್ನೇದೇ ಹೆಚ್ಚು ಸರಿ ಅನ್ಸುತ್ತೆ, ಆದ್ರೆ ಗಮನಿಸಿ, ಅಂಗಿ ಹೊಲಿಯೋ ಹಕ್ಕು ಎದುರಿಗಿರೋನಿಗೂ ಇದೆ ಅಂತ ಅವ್ರು ಒಪ್ಪಿದ್ದು ಆ ಎದುರಿಗಿರೋನು ಬಾಯಿಬಿಟ್ಟು ಕೇಳಿದ್ಮೇಲೆ.